ಬೆಲೆ ಇಳಿದ ಕಾರು, ಇಳಿಯದ ಖರ್ಚು

ಭಾನುವಾರ ಬೆಳಗಿನ ಆರೂವರೆ. ಜಯನಗರದ ಮರಗಳ ಕೆಳಗೆ ರಸ್ತೆ ಇನ್ನೂ ಖಾಲಿ. ದರ್ಶಿನಿಯ ಮುಂದೆ ಕಪ್ಪು ಸೆಡಾನೊಂದು ನೆಲಕ್ಕೆ ಅಂಟಿದಂತೆ ನಿಂತಿದೆ. ಕನಕಪುರ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದಿರುವ ಅದರ ಬಾನೆಟ್‌ನಿಂದ ಲೋಹ ಆರುವ ಟಿಕ್ ಟಿಕ್ ಸದ್ದು ಕೇಳುತ್ತಿದೆ. ಯುವಕನೊಬ್ಬ ಕಾಫಿ ಲೋಟ ಹಿಡಿದು ಕಾರನ್ನೇ ನೋಡುತ್ತಿದ್ದಾನೆ. ವಾಕಿಂಗ್ ಮುಗಿಸಿ ಬಂದ ಹಿರಿಯರೊಬ್ಬರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಚಕ್ರದೊಳಗಿನ ಕೆಂಪು ಬ್ರೇಕನ್ನು ಬಗ್ಗಿ ನೋಡುತ್ತಾರೆ.

"ಚೆನ್ನಾಗಿದೆಯಪ್ಪಾ. ಎಷ್ಟು ಮೈಲೇಜ್ ಕೊಡುತ್ತೆ?"

"ಸಿಟೀಲಿ ಎಂಟು ಬರುತ್ತೆ ಅಂಕಲ್."

"ಎಂಟೇನಾ!"

ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಯಲ್ಲಿ ಇಂಥ ಕಾರು ಎಲ್ಲೇ ನಿಂತರೂ ಮೊದಲು ಬರುವುದು ಇದೇ ಪ್ರಶ್ನೆ. ಕೊಳ್ಳುವ ಮುಂಚೆ ಮನೆಯವರು ಕೇಳುವುದೂ ಇದನ್ನೇ, ಕೊಳ್ಳುವವನು ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳುವುದೂ ಇದರ ಮೇಲೆಯೇ. ಆದರೆ ಸೆಕೆಂಡ್ಸ್‌ನಲ್ಲಿ ಕೊಂಡ ವೇಗದ ಕಾರಿನ ಖರ್ಚಿನಲ್ಲಿ ಪೆಟ್ರೋಲ್ ಬಂಕಿಗೆ ಹೋಗುವುದು ಮೂರನೇ ಒಂದು ಪಾಲಷ್ಟೇ. ಉಳಿದ ಖರ್ಚು ಎಲ್ಲಿ ಅಡಗಿರುತ್ತದೆ, ಅದು ನಮ್ಮ ಊರಿನಲ್ಲಿ ಏಕೆ ಇನ್ನಷ್ಟು ಹೆಚ್ಚುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು.

ಪಿಕಪ್ ಎಂಬ ಹಂಬಲ

ಪರ್ಫಾರ್ಮೆನ್ಸ್ ಕಾರು ಎಂದರೆ ಟ್ರ್ಯಾಕಿನಲ್ಲಿ ಓಡುವ ಕಾರೇನಲ್ಲ. ಮನೆಮಂದಿ ಕೂರುವ ಮಾಮೂಲಿ ಕಾರಿನ ಮೈಯೊಳಗೆ ಹೆಚ್ಚು ಶಕ್ತಿಯ ಎಂಜಿನ್, ಬಿಗಿಯಾದ ಸಸ್ಪೆನ್ಷನ್, ದೊಡ್ಡ ಬ್ರೇಕ್ ಇಟ್ಟರೆ ಅದೇ ಪರ್ಫಾರ್ಮೆನ್ಸ್ ಕಾರು. ಬೆಂಗಳೂರಿನ ಮಾತಿನಲ್ಲಿ ಇದಕ್ಕೆಲ್ಲ ಸೇರಿ ಒಂದೇ ಪದ: ಪಿಕಪ್. 1996ರಲ್ಲಿ ತಯಾರಿಕೆ ನಿಂತುಹೋದ ಯಮಹಾ ಆರ್‌ಎಕ್ಸ್ 100 ಬೈಕನ್ನು ಇಂದಿಗೂ ಒರೆಸಿ ತಿಕ್ಕಿ ಇಟ್ಟುಕೊಂಡಿರುವವರು ನಮ್ಮ ಬಡಾವಣೆಗಳಲ್ಲಿ ಇದ್ದಾರೆ. ಅದೇ ಹಂಬಲದ ನಾಲ್ಕು ಚಕ್ರದ ರೂಪ ಇದು.

ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಭಾರತಕ್ಕೆ ಬಂದದ್ದು 2004ರಲ್ಲಿ. 1.8 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 150 ಅಶ್ವಶಕ್ತಿ. ಆ ಕಾಲದ ನಮ್ಮ ರಸ್ತೆಗೆ ಅದು ದೊಡ್ಡ ಸಂಖ್ಯೆ. 2013ರಲ್ಲಿ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ ಬಂದಾಗ ಟರ್ಬೊ ಎಂಜಿನ್ನೂ ಎರಡು ಕ್ಲಚ್ಚಿನ ಗೇರ್‌ಬಾಕ್ಸೂ ಸಣ್ಣ ಕಾರಿಗೆ ಇಳಿದವು. 2015ರ ಅಬಾರ್ಥ್ ಪುಂಟೊ 145 ಅಶ್ವಶಕ್ತಿ ಹೊತ್ತು ಹತ್ತು ಲಕ್ಷದೊಳಗಿನ ಶೋರೂಮ್ ಬೆಲೆಗೆ ಬಂತು. 2017ರಲ್ಲಿ ಆಕ್ಟೇವಿಯಾ ಆರ್‌ಎಸ್ 230, 2020ರಲ್ಲಿ ಆರ್‌ಎಸ್ 245. ಈ ಕೊನೆಯದು ದೇಶಕ್ಕೆಲ್ಲ ಬಂದದ್ದು 200 ಮಾತ್ರ, ಶೋರೂಮ್ ಬೆಲೆ 36 ಲಕ್ಷಕ್ಕೆ ಒಂದು ಸಾವಿರ ಕಡಿಮೆ. ಇವುಗಳ ಪಕ್ಕದಲ್ಲಿ ಬಿಎಂಡಬ್ಲ್ಯು 3 ಸರಣಿಯಂಥ ಜರ್ಮನ್ ಸೆಡಾನ್‌ಗಳು. ಬೆಂಗಳೂರಿನ ಸೆಕೆಂಡ್ಸ್ ಸಂತೆಯಲ್ಲಿ ಹುಡುಗರ ಕಣ್ಣು ನೆಡುವುದು ಇವುಗಳ ಮೇಲೆಯೇ.

ಅಗ್ಗವಾಗುವುದು ಕಾರು, ಬಿಡಿಭಾಗವಲ್ಲ

ಹತ್ತು ಹನ್ನೆರಡು ವರ್ಷದ ಹಿಂದೆ 40 ಲಕ್ಷಕ್ಕೆ ಮಾರಾಟವಾದ ಜರ್ಮನ್ ಸೆಡಾನ್ ಇಂದು ಹೊಸ ಹ್ಯಾಚ್‌ಬ್ಯಾಕ್ ಕಾರಿನ ಬೆಲೆಗೆ ಸಿಗುತ್ತದೆ. ಮೊದಲ ಮಾಲೀಕನಿಗೆ ವಾರಂಟಿ ಮುಗಿದಿರುತ್ತದೆ, ಮುಂದಿನ ದೊಡ್ಡ ರಿಪೇರಿ ಯಾವಾಗ ಬಂದೀತೆಂಬ ಭಯ ಶುರುವಾಗಿರುತ್ತದೆ. ಆ ಭಯವನ್ನು ಅವನು ರಿಯಾಯಿತಿಯ ರೂಪದಲ್ಲಿ ಮುಂದಿನವರಿಗೆ ದಾಟಿಸುತ್ತಾನೆ. ಕಾರು ಅಗ್ಗವಾಗಿ ಸಿಕ್ಕಿತು ಎಂದು ನಾವು ಹಿಗ್ಗುವ ಹಣದಲ್ಲಿ ಒಂದು ಪಾಲು ಅವನು ಮಾಡಿಸದೆ ಬಿಟ್ಟ ಕೆಲಸದ್ದು.

ಬಿಡಿಭಾಗಕ್ಕೆ ಮಾತ್ರ ನೀವು ಎಷ್ಟಕ್ಕೆ ಕೊಂಡಿರಿ ಎಂಬುದು ಗೊತ್ತಿಲ್ಲ. ಹತ್ತು ಲಕ್ಷಕ್ಕೆ ಕೊಂಡರೂ ಬ್ರೇಕ್ ಡಿಸ್ಕ್, ಹೆಡ್‌ಲೈಟ್, ವಾಟರ್ ಪಂಪ್ ಎಲ್ಲವೂ 40 ಲಕ್ಷದ ಕಾರಿನವೇ. ಈ ಒಂದು ಮಾತು ಮನಸ್ಸಿನಲ್ಲಿ ಕುಳಿತರೆ ಅರ್ಧ ತಪ್ಪು ನಿರ್ಧಾರಗಳು ತಪ್ಪುತ್ತವೆ ಎಂದು ನನಗೆ ಅನ್ನಿಸುತ್ತದೆ.

ಇದಕ್ಕೆ ಒಂದು ಅಪವಾದ ಉಂಟು. ಸಂಖ್ಯೆಯಲ್ಲಿ ಕಡಿಮೆ ಇದ್ದು, ಪ್ರೀತಿಸುವವರು ಹೆಚ್ಚಿರುವ ಕಾರುಗಳ ಬೆಲೆ ಇಷ್ಟು ಬೇಗ ಕುಸಿಯುವುದಿಲ್ಲ. ಆರ್‌ಎಸ್ ಬಿಲ್ಲೆಯ ಆಕ್ಟೇವಿಯಾಗಳನ್ನು ಕೊಳ್ಳುವಾಗ ಕೈ ಬಿಸಿಯಾಗುತ್ತದೆ. ಮಾರುವಾಗ ಅದರಲ್ಲಿ ಒಳ್ಳೆಯ ಪಾಲು ವಾಪಸು ಬರುತ್ತದೆ. ದೊಡ್ಡ ಸೆಡಾನ್ ಅಗ್ಗಕ್ಕೆ ಸಿಕ್ಕಿ ಅಗ್ಗಕ್ಕೇ ಹೋಗುತ್ತದೆ.

ಪೆಟ್ರೋಲು: ಮೂರನೇ ಒಂದು ಪಾಲು

ಲೆಕ್ಕಕ್ಕೆ 2 ಲೀಟರ್ ಟರ್ಬೊ ಪೆಟ್ರೋಲ್ ಕಾರೊಂದನ್ನು ಹಿಡಿಯೋಣ. ವರ್ಷಕ್ಕೆ 8,000 ಕಿ.ಮೀ. ಓಟ, ಅದರಲ್ಲಿ 5,500 ಊರೊಳಗೆ, 2,500 ಹೆದ್ದಾರಿಯಲ್ಲಿ. ಊರೊಳಗೆ ಲೀಟರಿಗೆ 8, ಹೆದ್ದಾರಿಯಲ್ಲಿ 13 ಕಿ.ಮೀ. ಬಂದರೆ ವರ್ಷಕ್ಕೆ ಸುಮಾರು 880 ಲೀಟರ್ ಬೇಕು. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿದಾಗ ಬೆಂಗಳೂರಿನಲ್ಲಿ ಪೆಟ್ರೋಲ್ ಲೀಟರಿಗೆ 103 ರೂಪಾಯಿಯ ಆಸುಪಾಸಿಗೆ ಬಂತು. ಟರ್ಬೊ ಎಂಜಿನ್‌ಗೆ ಬಹಳ ಮಂದಿ ಹೆಚ್ಚು ಆಕ್ಟೇನ್‌ನ ದುಬಾರಿ ಪೆಟ್ರೋಲನ್ನೇ ಹಾಕಿಸುತ್ತಾರೆ. ಟ್ಯಾಂಕಿನ ಮುಚ್ಚಳದ ಒಳಗೆ ಎಷ್ಟು ಆಕ್ಟೇನ್ ಬೇಕೆಂದು ಬರೆದೇ ಇರುತ್ತದೆ. ಲೀಟರಿಗೆ 110 ಎಂದು ಹಿಡಿದರೆ ವರ್ಷಕ್ಕೆ 97,000 ರೂಪಾಯಿ.

ಅದೇ ಓಟಕ್ಕೆ ಊರೊಳಗೆ 14, ಹೊರಗೆ 19 ಕೊಡುವ ಸಾಧಾರಣ ಹ್ಯಾಚ್‌ಬ್ಯಾಕ್ ಕುಡಿಯುವುದು 525 ಲೀಟರ್, ಅಂದರೆ 54,000 ರೂಪಾಯಿ. ವ್ಯತ್ಯಾಸ 43,000. ತಿಂಗಳಿಗೆ ಮೂರೂವರೆ ಸಾವಿರ ಚಿಲ್ಲರೆ. ಚಿಕ್ಕ ಮೊತ್ತವೇನಲ್ಲ, ಆದರೆ ಯಾರನ್ನೂ ಸಾಲಕ್ಕೆ ನೂಕುವ ಮೊತ್ತವೂ ಅಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಇದು ಹೇಳಿ ಬರುವ ಖರ್ಚು. ಈ ತಿಂಗಳು ಕೈ ಬಿಗಿಯಾಗಿದ್ದರೆ ಕಾರು ತೆಗೆಯದೆ ಇರಬಹುದು.

ಒಂದು ಎಚ್ಚರಿಕೆ ಇದೆ. ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. 2023ರ ಏಪ್ರಿಲ್‌ಗಿಂತ ಮುಂಚಿನ ಬಹುಪಾಲು ಕಾರುಗಳನ್ನು ಇದಕ್ಕೆಂದು ಮಾಡಿರಲಿಲ್ಲ. ಹಳೆಯ ವಿನ್ಯಾಸದ ಕಾರುಗಳಲ್ಲಿ ಮೈಲೇಜ್ ಶೇ 6ರಿಂದ 7ರಷ್ಟು ಇಳಿಯಬಹುದು ಎಂದು ನೀತಿ ಆಯೋಗದ 2021ರ ಎಥನಾಲ್ ವರದಿಯೇ ಅಂದಾಜಿಸಿತ್ತು. ಹಳೆಯ ರಬ್ಬರ್ ಪೈಪು, ವಾಷರುಗಳ ಮೇಲೂ ಕಣ್ಣಿಟ್ಟಿರಬೇಕು.

ಮೀಟರು ತೋರಿಸದ ಓಟ

ಟಾಮ್‌ಟಾಮ್ ಸಂಸ್ಥೆಯ 2024ರ ಸಂಚಾರ ಸೂಚ್ಯಂಕದ ಪ್ರಕಾರ ಬೆಂಗಳೂರಿನಲ್ಲಿ 10 ಕಿ.ಮೀ. ಹೋಗಲು ಸರಾಸರಿ 34 ನಿಮಿಷ 10 ಸೆಕೆಂಡು ಬೇಕು. ಗಂಟೆಗೆ 17.6 ಕಿ.ಮೀ. ವೇಗ. ಸೈಕಲ್ ತುಳಿಯುವವರು ಹೆಚ್ಚು ಕಡಿಮೆ ಜೊತೆಗೇ ಬರುತ್ತಾರೆ.

ಈ ಅಂಕಿಯನ್ನು ಕಾರಿನ ವಯಸ್ಸಿಗೆ ಹಚ್ಚಿ ನೋಡಿದರೆ ಎದೆ ಝಲ್ಲೆನ್ನುತ್ತದೆ. 15,000 ಕಿ.ಮೀ.ಗೆ ಒಮ್ಮೆ ಆಯಿಲ್ ಬದಲಿಸಿ ಎಂದು ಪುಸ್ತಕದಲ್ಲಿ ಇದೆ ಅನ್ನಿ. ಗಂಟೆಗೆ 60ರಂತೆ ಓಡುವ ಊರಿನಲ್ಲಿ ಅಷ್ಟು ದೂರಕ್ಕೆ ಎಂಜಿನ್ 250 ತಾಸು ದುಡಿಯುತ್ತದೆ. ನಮ್ಮ ವೇಗದಲ್ಲಿ ಅದೇ ದೂರಕ್ಕೆ 850 ತಾಸು. ಜಯದೇವ ಜಂಕ್ಷನ್ನಿನಲ್ಲಿ, ಸಾರಕ್ಕಿ ಸಿಗ್ನಲ್ಲಿನಲ್ಲಿ, ಡೇರಿ ಸರ್ಕಲ್ಲಿನಲ್ಲಿ ನಿಂತಲ್ಲೇ ನಿಂತಾಗ ಮೀಟರ್ ತಿರುಗುವುದಿಲ್ಲ. ಎಂಜಿನ್ ತಿರುಗುತ್ತಲೇ ಇರುತ್ತದೆ. ಹಾಗಾಗಿ ಬೆಂಗಳೂರಿನ ಒಳಗೇ 50,000 ಕಿ.ಮೀ. ಓಡಿದ ಕಾರು ದುಡಿದ ತಾಸುಗಳ ಲೆಕ್ಕದಲ್ಲಿ ಹೆದ್ದಾರಿಯ 1,70,000 ಕಿ.ಮೀ. ಕಾರಿಗೆ ಸಮ. "ಬರೀ ಐವತ್ತು ಸಾವಿರ ಓಡಿದೆ ಸಾರ್" ಎಂದು ಮಾರುವವರು ಹೇಳಿದಾಗ ಎಲ್ಲಿ ಓಡಿದೆ ಎಂದು ಮರುಪ್ರಶ್ನೆ ಹಾಕಬೇಕು.

ಟರ್ಬೊ ಇರುವ ಎಂಜಿನ್ನಿಗೆ ಇದು ಇನ್ನೂ ಕಷ್ಟ. ಟರ್ಬೊ ಎಂದರೆ ಹೊಗೆಯ ರಭಸದಲ್ಲೇ ತಿರುಗುವ ಒಂದು ಪುಟ್ಟ ಚಕ್ರ. ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಅದರ ದಂಡವನ್ನು ಕಾಯುವುದು ತೆಳುವಾದ ಆಯಿಲ್ ಪದರ. ಆಯಿಲ್ ಹಳತಾದರೆ ಮೊದಲು ಸಾಯುವುದು ಟರ್ಬೊ. ಆದ್ದರಿಂದ ಊರೊಳಗೇ ಓಡಿಸುವವರು ಪುಸ್ತಕದ ಅರ್ಧ ಅವಧಿಗೆ ಆಯಿಲ್ ಬದಲಿಸುವುದು ದುಂದು ಅನ್ನಿಸುವುದಿಲ್ಲ ನನಗೆ. ಏಳೆಂಟು ಸಾವಿರ ಉಳಿಸಲು ಹೋಗಿ ಲಕ್ಷದ ಟರ್ಬೊ ಕಳೆದುಕೊಳ್ಳುವುದು ಬೇಡ.

ಎರಡು ಕ್ಲಚ್ಚಿನ ಸಂಕಟ

ದಕ್ಷಿಣ ಬೆಂಗಳೂರಿನ ಗ್ಯಾರೇಜುಗಳಲ್ಲಿ ಈ ಕಾರುಗಳ ಮಾತು ಬಂದರೆ ತಕ್ಷಣ ಏಳುವ ಹೆಸರು ಡಿಎಸ್‌ಜಿ. ಇದು ಎರಡು ಕ್ಲಚ್ ಇರುವ ಗೇರ್‌ಬಾಕ್ಸ್. ಒಂದು ಕ್ಲಚ್ ಒಂದು, ಮೂರು, ಐದನೇ ಗೇರುಗಳನ್ನು ನೋಡಿಕೊಂಡರೆ ಇನ್ನೊಂದು ಎರಡು, ನಾಲ್ಕು, ಆರನ್ನು. ಮೂರನೇ ಗೇರಿನಲ್ಲಿ ಹೋಗುತ್ತಿರುವಾಗಲೇ ನಾಲ್ಕು ಸಿದ್ಧವಾಗಿ ಕಾದಿರುತ್ತದೆ. ಹೆದ್ದಾರಿಯಲ್ಲಿ ಅದು ಗೇರು ಬದಲಿಸುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಅದರ ರುಚಿ ಹತ್ತಿದವರು ಬಿಡುವುದು ಕಷ್ಟ.

ಸಿಲ್ಕ್ ಬೋರ್ಡ್ ಕಡೆಯ ಸಾಲಿನಲ್ಲಿ ಕತೆ ಬೇರೆ. ಹಳೆಯ ಬಗೆಯ ಆಟೊಮ್ಯಾಟಿಕ್‌ನಲ್ಲಿ ಎಂಜಿನ್ನಿಗೂ ಚಕ್ರಕ್ಕೂ ನಡುವೆ ಎಣ್ಣೆ ಇರುತ್ತದೆ, ತೆವಳುವಾಗಿನ ಎಳೆದಾಟವನ್ನು ಅದು ನುಂಗಿಕೊಳ್ಳುತ್ತದೆ. ಡಿಎಸ್‌ಜಿಯಲ್ಲಿ ನಿಜವಾದ ಕ್ಲಚ್ ಪ್ಲೇಟುಗಳೇ ಅರ್ಧ ಹಿಡಿದು ಅರ್ಧ ಬಿಟ್ಟು ಜಾರಬೇಕು, ಹೊಸದಾಗಿ ಕಾರು ಕಲಿಯುವವರು ಏರಿನಲ್ಲಿ ಹಾಫ್ ಕ್ಲಚ್ ಹಿಡಿದು ನಿಲ್ಲಿಸುತ್ತಾರಲ್ಲ, ಹಾಗೆ. ನಾಲ್ಕಡಿ ಮುಂದೆ, ಬ್ರೇಕ್, ಮತ್ತೆ ನಾಲ್ಕಡಿ. ಪ್ಲೇಟು ಕಾಯುತ್ತದೆ, ಸವೆಯುತ್ತದೆ.

ಇಲ್ಲಿ ಎರಡು ಜಾತಿ ಇವೆ, ಕೊಳ್ಳುವವರು ಇದನ್ನು ತಿಳಿದಿರಲೇಬೇಕು. ಪೋಲೋ ಜಿಟಿ ಟಿಎಸ್‌ಐನಂಥ ಕಾರುಗಳ ಏಳು ಗೇರಿನ ಪೆಟ್ಟಿಗೆಯಲ್ಲಿ ಕ್ಲಚ್ ಒಣಗಿರುತ್ತದೆ. ಬಿಸಿಯನ್ನು ಒಯ್ಯಲು ಅಲ್ಲಿ ಎಣ್ಣೆಯಿಲ್ಲ. ಇದೇ ಬಗೆಯ ಏಳು ಗೇರಿನ ಪೆಟ್ಟಿಗೆಗಳ ಎಣ್ಣೆ ಬದಲಿಸಲು 2013ರಲ್ಲಿ ಫೋಕ್ಸ್‌ವ್ಯಾಗನ್ ಜಗತ್ತಿನಾದ್ಯಂತ 16 ಲಕ್ಷ ಕಾರುಗಳನ್ನು ವಾಪಸು ಕರೆದಿತ್ತು. ಆಕ್ಟೇವಿಯಾ ಆರ್‌ಎಸ್ 230ರ ಆರು ಗೇರಿನ ಪೆಟ್ಟಿಗೆಯಲ್ಲಿ ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತದೆ. ಅದು ಹೆಚ್ಚು ಗಟ್ಟಿ, ಆದರೆ 60,000 ಕಿ.ಮೀ.ಗೆ ಒಮ್ಮೆ ಆ ಎಣ್ಣೆ, ಫಿಲ್ಟರ್ ಬದಲಿಸಲೇಬೇಕು. ಬದಲಿಸಿದ ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿಯಿರಿ.

ಗೇರು ಯಾವಾಗ ಬೀಳಬೇಕೆಂದು ಹೇಳುವ ಮಿದುಳಿನ ಹೆಸರು ಮೆಕಾಟ್ರಾನಿಕ್: ಕಂಪ್ಯೂಟರ್ ಹಲಗೆಯೂ ಎಣ್ಣೆಯ ಒತ್ತಡದ ಕವಾಟಗಳೂ ಒಟ್ಟಾಗಿರುವ ಘಟಕ. ಇದು ಕೈಕೊಟ್ಟರೆ ಗೇರ್ ಗುರುತು ಮಿನುಗುತ್ತದೆ, ಕಾರು ನಡುರಸ್ತೆಯಲ್ಲಿ ನಿಂತುಬಿಡುತ್ತದೆ. ಬಿಲ್ ಲಕ್ಷ ದಾಟುವುದು ಅಪರೂಪವಲ್ಲ. ಐದಾರು ಲಕ್ಷಕ್ಕೆ ಕೊಂಡ ಕಾರಿಗೆ ಒಂದೂವರೆ ಲಕ್ಷದ ಬಿಲ್ ಬಂದಾಗ ಮನೆಯಲ್ಲಿ ಏಳುವ ಮಾತು ಯಾವ ಮೈಲೇಜ್ ಲೆಕ್ಕದಲ್ಲೂ ಬರೆದಿರುವುದಿಲ್ಲ.

ಓಡಿಸುವ ಕ್ರಮದಲ್ಲಿ ಇದನ್ನು ಒಂದಿಷ್ಟು ತಡೆಯಬಹುದು. ಮುಂದಿನ ಕಾರಿನ ಬಾಲಕ್ಕೆ ಅಂಟಿಕೊಂಡು ತೆವಳಬಾರದು. ಒಂದೆರಡು ಕಾರಿನಷ್ಟು ಜಾಗ ತೆರವಾದ ಮೇಲೆ ಒಂದೇ ಸಲಕ್ಕೆ ಹೋಗಬೇಕು. ನಿಂತಾಗ ಬ್ರೇಕನ್ನು ಗಟ್ಟಿಯಾಗಿ ಒತ್ತಬೇಕು, ಆಗ ಕ್ಲಚ್ ಪೂರ್ತಿ ಬಿಡುತ್ತದೆ. ಹಿಂದಿನಿಂದ ಆಟೊ ಹಾರ್ನ್ ಹೊಡೆಯುತ್ತದೆ. ಹೊಡೆಯಲಿ.

ಮೈಕೋ ಪೆಟ್ಟಿಗೆಯ ಪಾಠ

ಬಿಟಿಎಂ ಎರಡನೇ ಹಂತದಲ್ಲಿ ಮೈಕೋ ಲೇಔಟ್ ಇದೆ. 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಹೆಸರು ಅದು. ಆಡುಗೋಡಿಯ ಅದರ ಕಾರ್ಖಾನೆ ಇಡೀ ಪ್ರದೇಶದ ಗುರುತಾಗಿತ್ತು. 2008ರಲ್ಲಿ ಕಂಪನಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಹಳೆಯ ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಇಂದಿಗೂ ಮೈಕೋ.

ಈ ಕತೆಯಲ್ಲಿ ಕಾರು ಕೊಳ್ಳುವವರಿಗೆ ಕೆಲಸಕ್ಕೆ ಬರುವ ಒಂದು ತಿಳಿವಳಿಕೆ ಇದೆ. ಕಾರು ಕಂಪನಿಗಳು ಪ್ಲಗ್, ಸೆನ್ಸರ್, ಪಂಪ್, ಬೇರಿಂಗ್‌ಗಳಲ್ಲಿ ಬಹುಪಾಲನ್ನು ತಾವೇ ಮಾಡುವುದಿಲ್ಲ, ಬಾಷ್‌ನಂಥ ಸಂಸ್ಥೆಗಳಿಂದ ತರಿಸಿಕೊಳ್ಳುತ್ತವೆ. ಅದೇ ವಸ್ತು ಕಾರು ಕಂಪನಿಯ ಪೆಟ್ಟಿಗೆಯಲ್ಲಿ ಒಂದು ಬೆಲೆ, ತಯಾರಕರದೇ ಪೆಟ್ಟಿಗೆಯಲ್ಲಿ ಇನ್ನೊಂದು, ಕಡಿಮೆ ಬೆಲೆ. ಜೆ.ಸಿ. ರಸ್ತೆಯ ಸ್ಪೇರ್ಸ್ ಅಂಗಡಿಗಳಲ್ಲಿ ಒರಿಜಿನಲ್, ಒಇಎಂ, ಲೋಕಲ್ ಎಂದು ಮೂರು ದರ ಹೇಳುವುದು ಇದಕ್ಕೇ. ನಡುವಿನದ್ದು ತಯಾರಕರ ಪೆಟ್ಟಿಗೆಯದು. ಪಾರ್ಟ್ ನಂಬರ್ ಬರೆದುಕೊಂಡು ಹೋಗಿ ಕೇಳಿದರೆ ಹಣ ಉಳಿಯುತ್ತದೆ. ಬ್ರೇಕ್, ಸ್ಟಿಯರಿಂಗ್, ಟರ್ಬೊ ವಿಷಯದಲ್ಲಿ ಮಾತ್ರ ಲೋಕಲ್ ಕಡೆ ಕಣ್ಣೆತ್ತಿಯೂ ನೋಡಬಾರದು.

ಎಲ್ಲಿ ರಿಪೇರಿ ಮಾಡಿಸುವುದು ಎಂಬುದೂ ಖರ್ಚಿನ ಪ್ರಶ್ನೆಯೇ. ಶೋರೂಮಿನ ಸರ್ವೀಸ್ ಸೆಂಟರ್ ಸಾಮಾನ್ಯವಾಗಿ ಘಟಕವನ್ನು ಇಡಿಯಾಗಿ ಬದಲಿಸುತ್ತದೆ. ಈ ಬಗೆಯ ಕಾರುಗಳಲ್ಲೇ ಕೈ ಪಳಗಿದ ಹೊರಗಿನ ಗ್ಯಾರೇಜು ಒಳಗಿನ ಒಂದು ಕವಾಟವನ್ನೋ ಸೀಲನ್ನೋ ಬದಲಿಸಿ ಕೆಲಸ ಮುಗಿಸಬಹುದು. ಎಲ್ಲ ಕಾರನ್ನೂ ಬಿಚ್ಚುವ ಮೂಲೆಯ ಗ್ಯಾರೇಜಿಗೆ ಇದನ್ನು ಒಪ್ಪಿಸುವುದು ಬೇಡ; ಸರಿಯಾದ ಸ್ಕ್ಯಾನರ್ ಇಲ್ಲದೆ ಊಹೆಯ ಮೇಲೆ ಒಂದೊಂದೇ ಭಾಗ ಬದಲಿಸುತ್ತ ಹೋದರೆ ಬಿಲ್ ಬೆಳೆಯುತ್ತದೆ, ಕಾಯಿಲೆ ಉಳಿಯುತ್ತದೆ.

ಹಂಪು, ಗುಂಡಿ, ಟೈರು

ಆರ್‌ಎಸ್ 245ರ ಟೈರ್ ಅಳತೆ 225/40, ಚಕ್ರ 18 ಇಂಚು. ಅಂದರೆ ರಸ್ತೆಗೂ ಲೋಹದ ಚಕ್ರಕ್ಕೂ ನಡುವೆ ಇರುವ ರಬ್ಬರ್ ಗೋಡೆ 9 ಸೆಂ.ಮೀ. ಮಾತ್ರ. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಗೆ ಇಳಿದರೆ ಟೈರ್ ಪಕ್ಕದಲ್ಲಿ ಬೊಕ್ಕೆ ಏಳುತ್ತದೆ, ಇಲ್ಲವೆ ಅಲಾಯ್ ಬಾಗುತ್ತದೆ. ಒಳ್ಳೆಯ ಟೈರ್ ಒಂದಕ್ಕೆ 15,000 ರೂಪಾಯಿ, ಬಾಳಿಕೆ 30,000 ಕಿ.ಮೀ. ಎಂದಿಟ್ಟುಕೊಂಡರೆ ಕಿ.ಮೀ.ಗೆ 2 ರೂಪಾಯಿ ಟೈರಿಗೇ ಹೋಯಿತು.

ಅಳತೆಯಿಲ್ಲದೆ ಎಬ್ಬಿಸಿದ ಹಂಪುಗಳು ತಳವನ್ನು ಉಜ್ಜುತ್ತವೆ. ಬಿಗಿಯಾದ ಸಸ್ಪೆನ್ಷನ್ನಿನ ಬುಷ್, ಲಿಂಕ್ ರಾಡ್, ಶಾಕ್ ಅಬ್ಸಾರ್ಬರ್ ಬೇಗ ಸವೆಯುತ್ತವೆ. ಒಳರಸ್ತೆಯಲ್ಲಿ ಕಿಟಕಿ ಇಳಿಸಿ ನಿಧಾನಕ್ಕೆ ಹೋದರೆ ಟಕ್ ಟಕ್ ಎನ್ನುವ ಸದ್ದು ಎಲ್ಲವನ್ನೂ ಹೇಳುತ್ತದೆ.

ವಿಮೆ, ಮಳೆ ಮತ್ತು ಒಂದು ಚಾವಿ

ಥರ್ಡ್ ಪಾರ್ಟಿ ವಿಮೆಯ ಕಂತನ್ನು ಸರ್ಕಾರ ನಿಗದಿ ಮಾಡುವುದು ಎಂಜಿನ್ನಿನ ಗಾತ್ರ ನೋಡಿ. 2022ರ ಜೂನ್‌ನಲ್ಲಿ ಜಾರಿಯಾದ ದರದಲ್ಲಿ 1,000ದಿಂದ 1,500 ಸಿಸಿ ಕಾರಿಗೆ 3,416 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 7,897. ಪೋಲೋ ಜಿಟಿ ಟಿಎಸ್‌ಐ ಎಂಜಿನ್ 1,197 ಸಿಸಿ, ಆದ್ದರಿಂದ ಸಾಧಾರಣ ಹ್ಯಾಚ್‌ಬ್ಯಾಕಿನ ಸಾಲಿನಲ್ಲೇ ಕೂರುತ್ತದೆ. ಸಣ್ಣ ಟರ್ಬೊದ ಒಂದು ಲಾಭ ಇದು.

ಹೆಚ್ಚು ಯೋಚಿಸಬೇಕಾದದ್ದು ಸ್ವಂತ ಕಾರಿನ ಹಾನಿಯ ಭಾಗವನ್ನು. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಬೆಲೆಯಲ್ಲಿ ಅರ್ಧವನ್ನು ಸವಕಳಿ ಎಂದು ಕಳೆಯುತ್ತಾರೆ. ಬಂಪರ್, ಹೆಡ್‌ಲೈಟ್ ದುಬಾರಿಯಾದ ಕಾರಿಗೆ ಇದು ದೊಡ್ಡ ಹೊಡೆತ. ಸವಕಳಿ ಕಳೆಯದ 'ಬಂಪರ್ ಟು ಬಂಪರ್' ಪಾಲಿಸಿ ಹಳೆಯ ಕಾರಿಗೆ ಸುಲಭಕ್ಕೆ ಸಿಗುವುದಿಲ್ಲ. ಕೊಳ್ಳುವ ಮುಂಚೆಯೇ ಕೇಳಿಕೊಳ್ಳಬೇಕು. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ಅವರ ಜೊತೆಗೇ ಹೋಗುತ್ತದೆ, ನಿಮಗೆ ಬರುವುದಿಲ್ಲ. ಕಾರು ಕೈ ಬದಲಾದ 14 ದಿನದೊಳಗೆ ಪಾಲಿಸಿಯನ್ನು ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡಬೇಕು.

2025ರ ಮೇ ತಿಂಗಳ ಮಳೆಯಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್ ಹೊಳೆಯಾದದ್ದನ್ನು ಬಿಟಿಎಂನವರು ಮರೆತಿರಲಾರರು. ತಗ್ಗಿನ ಕಾರು ನೀರಿಗೆ ಸಿಕ್ಕಿ ಎಂಜಿನ್ ಆಫ್ ಆದರೆ ಮತ್ತೆ ಚಾವಿ ತಿರುಗಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಒಳಗೆ ಸೇರಿದ ನೀರನ್ನು ಪಿಸ್ಟನ್ ಅದುಮಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸಾಮಾನ್ಯ ಪಾಲಿಸಿ ಇದನ್ನು ಮಾಲೀಕರೇ ಮಾಡಿಕೊಂಡ ಹಾನಿ ಎಂದು ಬದಿಗಿಡುತ್ತದೆ. ಎಂಜಿನ್ ರಕ್ಷಣೆಯ ಪ್ರತ್ಯೇಕ ಕವರ್ ಇದ್ದರೆ ಮಾತ್ರ ಹಣ.

ಇನ್ನೊಂದು ಅಪಾಯ ರಿಮ್ಯಾಪ್, ಅಂದರೆ ಎಂಜಿನ್ನಿನ ಕಂಪ್ಯೂಟರ್ ತಿದ್ದಿ ಶಕ್ತಿ ಏರಿಸುವುದು. ಇಂಥ ಕಾರುಗಳಲ್ಲಿ ಇದು ಸಾಮಾನ್ಯ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡನ್ನು ಒಪ್ಪುವುದಿಲ್ಲ. ವಿಮೆಯವರಿಗೆ ತಿಳಿಸದ ಮಾರ್ಪಾಡು ಕ್ಲೇಮ್ ತಿರಸ್ಕರಿಸಲು ನೆಪವಾಗುತ್ತದೆ. ಹೆಚ್ಚಿದ ಶಕ್ತಿ ಕ್ಲಚ್ಚಿನ ಆಯಸ್ಸನ್ನೂ ತಿನ್ನುತ್ತದೆ.

ಕೆಎ ನಂಬರಿನ ಬೆಲೆ

ಕರ್ನಾಟಕದಲ್ಲಿ 20 ಲಕ್ಷಕ್ಕಿಂತ ಹೆಚ್ಚಿನ ಕಾರಿಗೆ ಆಜೀವ ತೆರಿಗೆ ಶೇ 18, ಆ ತೆರಿಗೆಯ ಮೇಲೆ ಶೇ 11 ಸೆಸ್. 25 ಲಕ್ಷದ ಕಾರಿಗೆ ಬರೀ ತೆರಿಗೆಯೇ 5 ಲಕ್ಷದ ಹತ್ತಿರ. ಕೆಎ ನಂಬರಿನ ಹಳೆಯ ಕಾರು ಕೊಂಡರೆ ಇದನ್ನು ಮೊದಲ ಮಾಲೀಕರು ಕಟ್ಟಿಯಾಗಿರುತ್ತದೆ.

ದೆಹಲಿಯಲ್ಲೋ ಹರಿಯಾಣದಲ್ಲೋ ಅದೇ ಕಾರು ಎರಡು ಲಕ್ಷ ಕಡಿಮೆಗೆ ಕಾಣುತ್ತದೆ. ಇಲ್ಲಿಗೆ ತಂದರೆ ಎನ್‌ಒಸಿ, ಮರುನೋಂದಣಿ, ಕಾರಿನ ವಯಸ್ಸಿಗೆ ತಕ್ಕ ತೆರಿಗೆ ಎಲ್ಲ ಸೇರಿ ಆ ಉಳಿತಾಯ ಕರಗುತ್ತದೆ. ಹೊರರಾಜ್ಯದ ನಂಬರಿನಲ್ಲೇ ಓಡಿಸಿಕೊಂಡಿರೋಣ ಎಂಬುವವರು ಒಂದು ಪ್ರಕರಣ ನೆನಪಿಡಬೇಕು. 2025ರ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಫೆರಾರಿ ಎಸ್‌ಎಫ್90 ಕಾರೊಂದನ್ನು ಬೆಂಗಳೂರು ದಕ್ಷಿಣ ಆರ್‌ಟಿಒ ಅಧಿಕಾರಿಗಳು ಪತ್ತೆ ಹಚ್ಚಿದರು. ದಂಡ ಸೇರಿ ಕಟ್ಟಿಸಿಕೊಂಡದ್ದು 1 ಕೋಟಿ 41 ಲಕ್ಷ ರೂಪಾಯಿಗೂ ಹೆಚ್ಚು.

ಹದಿನೈದು ವರ್ಷ ತುಂಬಿದ ಕಾರಿಗೆ ಎಫ್‌ಸಿ ಮಾಡಿಸಿ ನೋಂದಣಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಅದರ ಶುಲ್ಕ 5,000. 2025ರ ಆಗಸ್ಟ್‌ನ ಆದೇಶದಂತೆ 20 ವರ್ಷ ದಾಟಿದರೆ 10,000. 2004ರ ಮೊದಲ ಆಕ್ಟೇವಿಯಾ ಆರ್‌ಎಸ್‌ಗಳು ಈಗ ಈ ಸಾಲಿಗೆ ಬಂದಿವೆ.

ನಿಲ್ಲಿಸಿದರೂ ಖರ್ಚು

ಕಡಿಮೆ ಓಡಿಸಿದರೆ ಕಾರು ಉಳಿಯುತ್ತದೆ ಎಂದು ನಂಬಿದವರುಂಟು. ವಾರಗಟ್ಟಲೆ ನಿಂತ ಕಾರಿನ ಬ್ಯಾಟರಿ ಇಳಿಯುತ್ತದೆ, ಟೈರು ಒಂದೇ ಕಡೆ ಚಪ್ಪಟೆಯಾಗುತ್ತದೆ, ಬ್ರೇಕ್ ಡಿಸ್ಕ್ ತುಕ್ಕು ಹಿಡಿಯುತ್ತದೆ. ಜಯನಗರದ ಮರಗಳ ನೆರಳು ಹಿತ, ಆದರೆ ಬೀಳುವ ಅಂಟು ಮತ್ತು ಹಕ್ಕಿ ಹಿಕ್ಕೆ ಪೇಂಟನ್ನು ತಿನ್ನುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ಇಲಿ. ಬಾನೆಟ್‌ನೊಳಗೆ ಬೆಚ್ಚಗೆ ಸೇರಿ ಅದು ಕಡಿದುಹಾಕುವ ಒಂದು ವೈರು, ಸೆನ್ಸರುಗಳೇ ತುಂಬಿರುವ ಈ ಕಾರುಗಳಲ್ಲಿ ದಿನಗಟ್ಟಲೆ ಹುಡುಕಾಟಕ್ಕೆ ಕಾರಣವಾಗುತ್ತದೆ.

ಹಾಗಾದರೆ ಎಷ್ಟು ಓಡಿಸಬೇಕು? ನನ್ನ ಮಟ್ಟಿಗೆ ಉತ್ತರ ಸಿಕ್ಕಿದ್ದು 2025ರ ಆಗಸ್ಟ್ 10ರಂದು, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮೆಟ್ರೊ ಮಾರ್ಗ ತೆರೆದಾಗ. ರಾಗಿಗುಡ್ಡ, ಜಯದೇವ, ಬಿಟಿಎಂ, ಸಿಲ್ಕ್ ಬೋರ್ಡ್ ಮೇಲೆ ಹಾದು ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಈ ರೈಲು, ಕ್ಲಚ್ಚನ್ನು ಅತಿ ಹೆಚ್ಚು ಸವೆಸುವ ರಸ್ತೆಯನ್ನು ಕಾರಿನ ಪಾಲಿಗೆ ತಪ್ಪಿಸಿತು. ವಾರದ ದಿನ ಮೆಟ್ರೊ, ವಾರಕ್ಕೊಮ್ಮೆ ಎಂಜಿನ್ ಪೂರ್ತಿ ಬಿಸಿಯಾಗುವಂತೆ ಒಂದು ಗಂಟೆ ಹೆದ್ದಾರಿ. ಅಲ್ಲಿಯೂ ಮಿತಿ ಉಂಟು: ಮೈಸೂರು ಹೆದ್ದಾರಿಯಲ್ಲಿ ಗಂಟೆಗೆ 100 ಕಿ.ಮೀ., ಕ್ಯಾಮೆರಾಗಳಿವೆ, 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ದಾಟಿದರೆ ಎಫ್‌ಐಆರ್.

ಒಟ್ಟು ಕೂಡಿಸಿದರೆ

ಮೇಲಿನ 2 ಲೀಟರ್ ಕಾರಿಗೇ ಹಿಂದಿರುಗೋಣ. ಪೆಟ್ರೋಲ್ 97,000. ಎಲ್ಲ ಕವರ್ ಸೇರಿ ವಿಮೆ 45,000 ಎಂದಿಡೋಣ, ಸರ್ವೀಸ್ 25,000, ಟೈರ್ 16,000. ಬ್ರೇಕ್, ಸಸ್ಪೆನ್ಷನ್, ಬ್ಯಾಟರಿ, ಗೇರ್‌ಬಾಕ್ಸ್ ಎಣ್ಣೆಯ ವಾರ್ಷಿಕ ಪಾಲು 30,000. ಕೊನೆಗೆ, ಎಂದೋ ಬರುವ ದೊಡ್ಡ ರಿಪೇರಿಗೆಂದು ತಿಂಗಳಿಗೆ 5,000ದಂತೆ 60,000. ಹಳೇ ಬೆಂಗಳೂರಿನ ಮನೆಗಳಲ್ಲಿ ಅಮ್ಮಂದಿರು ಚೀಟಿ ಹಾಕುತ್ತಿದ್ದರಲ್ಲ, ಕಾರಿಗೂ ಹಾಗೊಂದು ಚೀಟಿ. ಮೊತ್ತ 2,73,000.

ತಿಂಗಳಿಗೆ 22,750. ಕಿ.ಮೀ.ಗೆ 34 ರೂಪಾಯಿ. ಬೆಂಗಳೂರಿನ ಆಟೊ ಮೀಟರ್ 2025ರ ಆಗಸ್ಟ್‌ನಿಂದ ಮೊದಲ 2 ಕಿ.ಮೀ. ದಾಟಿದ ಮೇಲೆ ಕಿ.ಮೀ.ಗೆ 18. ಕಾರಿನ ಬೆಲೆ, ಸಾಲದ ಬಡ್ಡಿ ಇನ್ನೂ ಇದರಲ್ಲಿ ಸೇರಿಲ್ಲ. ನಿಮ್ಮ ಕಾರಿಗೆ ನಿಮ್ಮ ಅಂಕಿಗಳನ್ನು ಹಾಕಿ ನೋಡಿ. ಪೋಲೋಗಾದರೆ ಸಾಕಷ್ಟು ಇಳಿಯುತ್ತದೆ, ಜರ್ಮನ್ ಸೆಡಾನಿಗೆ ಏರುತ್ತದೆ. ಪೆಟ್ರೋಲ್ ಮಾತ್ರ ಮೂರನೇ ಒಂದು ಪಾಲಿನ ಸುತ್ತಮುತ್ತ ಇರುತ್ತದೆ.

ಈ ಮೊತ್ತ ಕಂಡು ಹಿಂದೆ ಸರಿದರೆ ತಪ್ಪಿಲ್ಲ. ಕಂಡೂ ಕೊಳ್ಳುವವರ ಬಗ್ಗೆ ನನಗೆ ಗೌರವವಿದೆ. ಲೆಕ್ಕ ತಿಳಿದು ಕೊಂಡವರು ಕಾರನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಲೆಕ್ಕ ತಪ್ಪಿದವರು ಮೊದಲು ಆಯಿಲ್ ಮುಂದೂಡುತ್ತಾರೆ, ಆಮೇಲೆ ಟೈರು, ಆಮೇಲೆ ಬ್ರೇಕ್. ಸವೆದ ಬ್ರೇಕಿನ 230 ಅಶ್ವಶಕ್ತಿಯ ಕಾರು ನಮ್ಮ ಮಕ್ಕಳು ಓಡಾಡುವ ರಸ್ತೆಯಲ್ಲಿ ಓಡುವುದು ಯಾರಿಗೂ ಬೇಡ.

ದನದ ಜಾತ್ರೆಯ ಕಣ್ಣು

ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಕೊಂಬಿನ ಬಣ್ಣಕ್ಕೆ ಮರುಳಾಗುವುದಿಲ್ಲ. ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಾನೆ. ಅದೇ ಕಣ್ಣು ಇಲ್ಲಿಯೂ ಬೇಕು.

ಮಾರುವವರಿಗೆ ಮುಂಚೆಯೇ ಹೇಳಿ, ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಹೋಗಿ. ನೀವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿಟ್ಟಿದ್ದರೆ ಇನ್ನೊಂದು ದಿನ ಹೋಗಿ. ಸ್ಟಾರ್ಟ್ ಆದ ಮೊದಲ ಕ್ಷಣದ ಕರಕರ ಸದ್ದು, ಸೈಲೆನ್ಸರಿನ ನೀಲಿ ಹೊಗೆ ಆಗಲೇ ಗೊತ್ತಾಗುವುದು. ಸಿಗ್ನಲ್ ಸಾಲಿನಲ್ಲಿ ಇಪ್ಪತ್ತು ನಿಮಿಷ ಓಡಿಸಿ, ಒಂದರಿಂದ ಎರಡಕ್ಕೆ ಗೇರ್ ಬೀಳುವಾಗ ನಡುಗುತ್ತದೆಯೇ ಗಮನಿಸಿ. ಟೈರಿನ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದ ಟೈರು. ಆರ್‌ಸಿಯಲ್ಲಿ ಬ್ಯಾಂಕಿನ ಸಾಲ ತೀರಿದೆಯೇ, ನಂಬರಿನ ಮೇಲೆ ಸಂಚಾರ ದಂಡ ಎಷ್ಟು ಬಾಕಿ ಇದೆ ಎಂದು ನೋಡಿ. ಸ್ಕ್ಯಾನರ್ ಇರುವ ಗ್ಯಾರೇಜಿಗೆ ಕೊಂಡೊಯ್ದು ಲಿಫ್ಟ್ ಮೇಲೆ ಏರಿಸಿ ತಳ ತೋರಿಸಿ ಎಂದಾಗ ಮಾರುವವರು ಒಪ್ಪದಿದ್ದರೆ ಅಲ್ಲಿಗೆ ಮಾತು ಮುಗಿಯಿತು.

ಕಡೆಗೆ ಒಂದು ಫೈಲ್ ಕೇಳಿ. ಪ್ರೀತಿಯಿಂದ ಸಾಕಿದವರ ಮನೆಯಲ್ಲಿ ಅದು ಇದ್ದೇ ಇರುತ್ತದೆ: ಹಳದಿಗಟ್ಟಿದ ಬಿಲ್ಲುಗಳು, ಎಣ್ಣೆ ಬದಲಿಸಿದ ದಿನಾಂಕಗಳು, ಅಂಚಿನಲ್ಲಿ ಪೆನ್ನಿನಿಂದ ಬರೆದ ಕಿಲೋಮೀಟರು. ಅದನ್ನು ಕೊಡುವಾಗ ಅವರು ಒಂದೊಂದೇ ಹಾಳೆ ತಿರುವಿ, ಯಾವ ಪಾರ್ಟು ಯಾವ ಅಂಗಡಿಯಲ್ಲಿ ಸಿಕ್ಕಿತು ಎಂದು ಹೇಳತೊಡಗುತ್ತಾರೆ. ಆಗ ಕಾರಿನ ಬಾನೆಟ್ ತೆರೆಯುವುದನ್ನು ಸ್ವಲ್ಪ ತಡಮಾಡಿ, ಕುಳಿತು ಕೇಳಿಸಿಕೊಳ್ಳಿ.